ಕೋಲ್ಟ್ ವುಡ್ಸ್‌ಮನ್ ಕೊಳ್ಳುವ ಮುನ್ನ

ಅಮೆರಿಕದಲ್ಲಿ ಹಳೆಯ ಟಾರ್ಗೆಟ್ ಪಿಸ್ತೂಲುಗಳ ಸಂಗ್ರಹಕ್ಕೆ ಇಳಿದವರು ಬೇಗನೆ ಬಂದು ತಲುಪುವ ಹೆಸರು ಕೋಲ್ಟ್ ವುಡ್ಸ್‌ಮನ್. ಜಾನ್ ಬ್ರೌನಿಂಗ್ ವಿನ್ಯಾಸದ ಈ .22 ಪಿಸ್ತೂಲನ್ನು ಹಾರ್ಟ್‌ಫರ್ಡ್‌ನ ಕೋಲ್ಟ್ ಕಂಪನಿ 1915ರಿಂದ 1977ರವರೆಗೆ ತಯಾರಿಸಿತು. ವುಡ್ಸ್‌ಮನ್ ಎಂಬ ಹೆಸರು ಅದಕ್ಕೆ ಬಂದದ್ದು 1927ರಲ್ಲಿ. ಆರು ಲಕ್ಷಕ್ಕೂ ಹೆಚ್ಚು ತಯಾರಾಗಿರುವುದರಿಂದ ಒಂದು ವುಡ್ಸ್‌ಮನ್ ಸಿಗುವುದು ಕಷ್ಟವಲ್ಲ. ಯಾರೂ ಕೈಯಾಡಿಸದ ವುಡ್ಸ್‌ಮನ್ ಸಿಗುವುದು ಕಷ್ಟ. ಸಂಗ್ರಾಹಕ ಹೆಚ್ಚು ಹಣ ಕೊಡುವುದೂ ಅದಕ್ಕೇ.

ಕೆಲಸ ಮಾಡುವ ಬಗೆ ಸರಳ. ಗುಂಡು ಹಾರಿದಾಗಿನ ಒತ್ತಡ ಸ್ಲೈಡನ್ನು ಹಿಂದಕ್ಕೆ ದೂಡಿ ಖಾಲಿ ತೋಟಾವನ್ನು ಹೊರಹಾಕುತ್ತದೆ. ಸ್ಪ್ರಿಂಗಿನ ಬಲದಿಂದ ಸ್ಲೈಡ್ ಮರಳುವಾಗ ಮ್ಯಾಗಜಿನ್‌ನಿಂದ ಹೊಸ ತೋಟಾ ನಳಿಗೆ ಸೇರುತ್ತದೆ. ಪ್ರತಿ ಗುಂಡಿಗೂ ಟ್ರಿಗರ್ ಒತ್ತಲೇಬೇಕು. ನಳಿಗೆ ಮಾತ್ರ ಫ್ರೇಮಿನಲ್ಲಿ ಅಲುಗಾಡದೆ ಕೂತಿರುತ್ತದೆ, ಗುರಿಯ ನಿಖರತೆಗೆ ಇದು ದೊಡ್ಡ ನೆರವು.

ಸಂಗ್ರಾಹಕರು ಇದನ್ನು ಮೂರು ಸರಣಿಗಳಾಗಿ ಗುರುತಿಸುತ್ತಾರೆ: 1947ರವರೆಗಿನದು, ಅಲ್ಲಿಂದ 1955ರವರೆಗಿನದು, ಆಮೇಲಿನದು. ಎರಡನೆಯ ಸರಣಿಯಲ್ಲಿ ಮ್ಯಾಗಜಿನ್ ಬಿಡಿಸುವ ಗುಂಡಿ ಟ್ರಿಗರ್ ಹಿಂದೆ ಇದೆ. ಉಳಿದೆರಡರಲ್ಲಿ ಹಿಡಿಕೆಯ ತಳದಲ್ಲಿ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ 1938ರಲ್ಲಿ ಬಂದ ಮ್ಯಾಚ್ ಟಾರ್ಗೆಟ್ ಮಾದರಿಗೆ. ಭಾರವಾದ ಚಪ್ಪಟೆ ಬದಿಯ ನಳಿಗೆ, ಅದರ ಮೇಲೆ ಗುರಿಹಲಗೆಯ ವೃತ್ತದ ಮುದ್ರೆ, 'ಆನೆಕಿವಿ' ಎಂದೇ ಹೆಸರಾದ ಒಂದೇ ತುಂಡಿನ ವಾಲ್ನಟ್ ಹಿಡಿಕೆ. ಈ ಹಿಡಿಕೆ ಸೀಳಿರುವುದೂ, ಬದಲಿಯಾಗಿ ಹೊಸದು ಮಾಡಿ ಹಾಕಿರುವುದೂ ಉಂಟು. ಹಾಗಾಗಿ ಮೊದಲು ಅದನ್ನೇ ನೋಡಿ.

ಪಿಸ್ತೂಲು ಕೈಗೆ ಬಂದ ಕೂಡಲೇ ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಒಳಗೆ ಗುಂಡಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಮಾರುವವರು ಈಗಷ್ಟೇ ನೋಡಿದ್ದರೂ ನೀವು ಮತ್ತೆ ನೋಡಲೇಬೇಕು. ಆಮೇಲೆ ಹಗಲು ಬೆಳಕಿಗೆ ಹಿಡಿಯಿರಿ. ಪಿಸ್ತೂಲಿನ ಕಡುನೀಲಿ ಬಣ್ಣ ಬಳಿದದ್ದಲ್ಲ. ಬ್ಲೂಯಿಂಗ್ ಎಂಬ ವಿಧಾನದಲ್ಲಿ ಉಕ್ಕಿನ ಮೈಯನ್ನೇ ಸಂಸ್ಕರಿಸಿ ಪಡೆದ ತೆಳುವಾದ ಪದರ. ಸವೆದಾಗ ಕೆಲವರು ಪಿಸ್ತೂಲನ್ನು ಉಜ್ಜಿ ಮತ್ತೆ ಬ್ಲೂಯಿಂಗ್ ಮಾಡಿಸುತ್ತಾರೆ. ಇದು ಹಳೇ ಬೀಟೆಯ ಪೆಟ್ಟಿಗೆಗೆ ಎನಾಮಲ್ ಪೇಂಟ್ ಹೊಡೆದಂತೆ. ಎಷ್ಟೇ ಅಂದವಾಗಿ ಮಾಡಿದ್ದರೂ ಬೆಲೆ ಕುಸಿಯುತ್ತದೆ. ಉಜ್ಜಿದ ಗುರುತು ಅಡಗುವುದಿಲ್ಲ: ಚೂಪಾಗಿರಬೇಕಾದ ಅಂಚು ಮೊಂಡಾಗಿರುತ್ತದೆ, ಸ್ಕ್ರೂ ರಂಧ್ರದ ಸುತ್ತ ತಗ್ಗು ಬಿದ್ದಿರುತ್ತದೆ, ಕಂಪನಿಯ ಹೆಸರಿನ ಅಕ್ಷರಗಳು ಮಸುಕಾಗಿರುತ್ತವೆ. ಹೊಳೆಯುವ ಪಿಸ್ತೂಲಿಗಿಂತ, ಅಂಚುಗಳಲ್ಲಿ ಪ್ರಾಮಾಣಿಕವಾಗಿ ಸವೆದ ಪಿಸ್ತೂಲನ್ನೇ ನಾನು ಆರಿಸುತ್ತೇನೆ.

ನಳಿಗೆಯೊಳಗೆ ದೀಪ ಬಿಟ್ಟು ನೋಡಿ. ಹಿಂದಿನ ಕಾಲದ ತೋಟಾಗಳ ಪ್ರೈಮರ್‌ನಲ್ಲಿ, ಅಂದರೆ ಕಿಡಿ ಹೊತ್ತಿಸುವ ಮದ್ದಿನಲ್ಲಿ, ಇದ್ದ ಲವಣಾಂಶ ತುಕ್ಕು ತರಿಸುತ್ತಿತ್ತು. ಶುಚಿ ಮಾಡದೆ ಬಿಟ್ಟ ನಳಿಗೆಯಲ್ಲಿ ಸಣ್ಣ ಸಣ್ಣ ಕುಳಿಗಳು ಉಳಿದಿರುತ್ತವೆ. ಗುಂಡಿಲ್ಲದೆ ಪದೇಪದೇ ಟ್ರಿಗರ್ ಒತ್ತಿದ್ದರೆ ತೋಟಾ ಕೂರುವ ಬಾಯಿಯ ಅಂಚು ಜಜ್ಜಿರಬಹುದು.

ಬಳಸುವ ಆಸೆಯಿದ್ದರೆ ಇನ್ನೊಂದು ಸಂಗತಿ ಬಹಳ ಮುಖ್ಯ. ಸುಮಾರು 1932ಕ್ಕಿಂತ ಹಿಂದಿನವು ಸಾಮಾನ್ಯ ವೇಗದ ತೋಟಾಗಳಿಗೆಂದೇ ಮಾಡಿದವು. ಅವುಗಳಲ್ಲಿ ಅತಿವೇಗದ ತೋಟಾ ಹಾರಿಸಬಾರದು. ಹಿಡಿಕೆಯ ಹಿಂಬದಿಯಲ್ಲಿ, ಹೆಬ್ಬೆರಳಿನ ಬುಡ ತಾಗುವ ಕಡೆ ಇರುವ ಸ್ಪ್ರಿಂಗ್ ಹೌಸಿಂಗ್ ಗಮನಿಸಿ: ಚೌಕುಳಿ ಕೆತ್ತನೆಯಿದ್ದರೆ ಹಳೆಯದು, ಅಡ್ಡಗೆರೆಗಳಿದ್ದರೆ ಅತಿವೇಗದ ತೋಟಾ ತಡೆಯುವಂಥದ್ದು. ಈ ಭಾಗ ಬದಲಾಗಿರಲೂಬಹುದು, ಆದ್ದರಿಂದ ಸೀರಿಯಲ್ ಸಂಖ್ಯೆಯೊಂದಿಗೆ ತಾಳೆ ನೋಡಬೇಕು.

ಮೂಲ ಪೆಟ್ಟಿಗೆ, ಕೈಪಿಡಿ, ಹೆಚ್ಚುವರಿ ಮ್ಯಾಗಜಿನ್ ಇದ್ದರೆ ಬೆಲೆ ಏರುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆ ಪಿಸ್ತೂಲಿನದೇ ಆಗಿರಬೇಕು. ದುಬಾರಿ ಖರೀದಿಯಾದರೆ ಕೋಲ್ಟ್‌ನ ದಾಖಲೆ ವಿಭಾಗಕ್ಕೆ ಶುಲ್ಕ ಕಟ್ಟಿ ಪತ್ರ ತರಿಸಿಕೊಳ್ಳಿ. ಕಾರ್ಖಾನೆಯಿಂದ ಹೊರಟ ದಿನಾಂಕ, ಯಾರಿಗೆ ಹೋಯಿತೆಂಬುದು ಅದರಲ್ಲಿ ಬರುತ್ತದೆ. ಮಾರುವವರ ಅಜ್ಜನ ಕಥೆಗಿಂತ ಈ ಒಂದು ಹಾಳೆಯನ್ನು ನಂಬಬಹುದು.

ಇನ್ನು ಕಾನೂನು. ಬೇರೆ ರಾಜ್ಯದವರಿಂದ ಕೊಂಡ ಪಿಸ್ತೂಲು ನೇರವಾಗಿ ಮನೆಗೆ ಬರುವಂತಿಲ್ಲ. ನಿಮ್ಮ ರಾಜ್ಯದ ಪರವಾನಗಿ ಪಡೆದ ವ್ಯಾಪಾರಿಗೆ ಬರಬೇಕು. ಅಲ್ಲಿ 4473 ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಪಡೆಯಬೇಕು. ವಯಸ್ಸು 21 ತುಂಬಿರಬೇಕು. ಆದರೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬಂದೂಕುಗಳಿಗೆ 'ಕ್ಯೂರಿಯೋ ಅಂಡ್ ರೆಲಿಕ್' ಎಂಬ ವರ್ಗವಿದೆ. ಮೂರು ವರ್ಷಕ್ಕೆ 30 ಡಾಲರ್ ಕಟ್ಟಿ ಸಂಗ್ರಾಹಕರ ಲೈಸೆನ್ಸ್ ಪಡೆದವರು ಇಂಥದ್ದನ್ನು ನೇರವಾಗಿ ತರಿಸಿಕೊಳ್ಳಬಹುದು. ಪ್ರತಿ ಖರೀದಿ, ಮಾರಾಟವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಕೆಲವು ರಾಜ್ಯಗಳ ನಿಯಮ ಇದಕ್ಕಿಂತ ಬಿಗಿ, ಅದನ್ನು ಮೊದಲೇ ವಿಚಾರಿಸಿ.

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಗಮನಿಸಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ; ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಸ್ವದೇಶಕ್ಕೆ ಮರಳುವಾಗ ಜೊತೆಗೆ ತರುವ ಲೆಕ್ಕಾಚಾರವಿದ್ದರೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಮತ್ತು ಆಮದು ಅನುಮತಿಯ ಗೊಂದಲವನ್ನು ಖರೀದಿಗೆ ಮೊದಲೇ ಬಿಡಿಸಿಕೊಳ್ಳಿ.

ಮನೆಗೆ ಬಂದ ಮೇಲೆ ತೆಳುವಾಗಿ ಎಣ್ಣೆ ಸವರಿ, ತೇವವಿಲ್ಲದ, ಬೀಗವಿರುವ ಪೆಟ್ಟಿಗೆಯಲ್ಲಿಡಿ. ಚರ್ಮದ ಚೀಲದೊಳಗೆ ಇಡಲೇಬೇಡಿ. ಚರ್ಮ ತೇವ ಹೀರಿ, ಕೆಲವೇ ತಿಂಗಳಲ್ಲಿ ತುಕ್ಕು ಹಿಡಿಸುತ್ತದೆ.