ಪ್ಲೇಗ್, ಭೂಕಂಪ, ಬ್ರೂಸ್ ಲೀ: ಚೈನಾಟೌನ್‌ನ ಒಂದು ಆಸ್ಪತ್ರೆ

ಬ್ರೂಸ್ ಲೀ ಹುಟ್ಟಿದ್ದು ಹಾಂಗ್‌ಕಾಂಗ್‌ನಲ್ಲಲ್ಲ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 1940ರ ನವೆಂಬರ್ 27ರಂದು, ಜಾಕ್ಸನ್ ಬೀದಿಯ ಚೈನೀಸ್ ಹಾಸ್ಪಿಟಲ್‌ನಲ್ಲಿ. ಅಪ್ಪ ಕ್ಯಾಂಟನೀಸ್ ಸಂಗೀತ ನಾಟಕಗಳ ನಟ. ಕಂಪನಿಯೊಂದಿಗೆ ಅಮೆರಿಕ ಸುತ್ತುತ್ತಿದ್ದ. ಕೆಲವೇ ತಿಂಗಳಲ್ಲಿ ಕೂಸನ್ನೆತ್ತಿಕೊಂಡು ಅಪ್ಪ ಅಮ್ಮ ಹಾಂಗ್‌ಕಾಂಗ್‌ಗೆ ಮರಳಿದರು. ಹೊರಗಿನವರ ಕಿವಿಗೆ ಈ ಆಸ್ಪತ್ರೆಯ ಹೆಸರು ಬೀಳುವುದು ಈ ಒಂದು ಹೆರಿಗೆಯ ದೆಸೆಯಿಂದಲೇ. ಅಷ್ಟು ದೊಡ್ಡ ಊರಿನಲ್ಲಿ ಚೀನೀಯರಿಗೆಂದೇ ಬೇರೊಂದು ಆಸ್ಪತ್ರೆ ಏಕೆ ಬೇಕಾಯಿತು ಎಂದು ಕೇಳುವವರು ಕಡಿಮೆ.

ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಬಂದ ಚೀನೀಯರು ಆಮೇಲೆ ರೈಲು ಹಳಿ ಹಾಕಿದರು, ಬಟ್ಟೆ ಒಗೆದರು, ಚುಟ್ಟಾ ಸುತ್ತಿದರು. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರಕೂಡದೆಂದು ಕಾನೂನೇ ಆಯಿತು. ಅದು ರದ್ದಾಗಿದ್ದು 1943ರಲ್ಲಿ. ತೆರಿಗೆ ಕಟ್ಟಿಸಿಕೊಳ್ಳುತ್ತಿದ್ದ ಊರು ತನ್ನ ಆಸ್ಪತ್ರೆಯ ಬಾಗಿಲನ್ನು ಇವರಿಗೆ ತೆರೆಯಲು ಹಿಂದೇಟು ಹಾಕುತ್ತಿತ್ತು. ಊರಲ್ಲಿ ಸಿಡುಬು ಎದ್ದರೆ ಮಾತ್ರ ಮೊದಲ ಬೆರಳು ಇವರಿದ್ದ ಚೈನಾಟೌನ್ ಕಡೆಗೇ. ರೋಗಕ್ಕೆ ಇವರೇ ಕಾರಣ, ಮದ್ದಿಗೆ ಇವರು ಪರಕೀಯರು!

ಕೊನೆಗೆ ಇವರೇ ಹಣ ಕೂಡಿಸಿ 1899ರ ಹೊತ್ತಿಗೆ ಸ್ಯಾಕ್ರಮೆಂಟೊ ಬೀದಿಯಲ್ಲಿ ‘ತುಂಗ್ ವಾ’ ಎಂಬ ಔಷಧಾಲಯ ತೆರೆದರು. ಹೆಸರು ಹಾಂಗ್‌ಕಾಂಗ್‌ನ ಹಳೆಯ ಧರ್ಮಾಸ್ಪತ್ರೆಯದು. ನಾಡಿ ಹಿಡಿದು ಬೇರು-ನಾರು ಕೊಡುವ ಚೀನೀ ವೈದ್ಯರೂ ಅಲೋಪತಿ ಡಾಕ್ಟರರೂ ಅಲ್ಲಿ ಒಂದೇ ಸೂರಿನಡಿ ಇದ್ದರು.

ಮರುವರ್ಷವೇ ಪ್ಲೇಗ್ ಬಂತು. 1900ರ ಮಾರ್ಚಿನಲ್ಲಿ ಗ್ಲೋಬ್ ಹೋಟೆಲಿನ ನೆಲಮಾಳಿಗೆಯಲ್ಲಿ ಚೀನೀ ಕಾರ್ಮಿಕನೊಬ್ಬನ ಶವ ಸಿಕ್ಕಿದ್ದೇ ತಡ, ಇಡೀ ಚೈನಾಟೌನ್ ಸುತ್ತ ಹಗ್ಗ ಬಿಗಿದರು. ಬಿಳಿಯರು ಹೊರಗೆ ಹೋಗಬಹುದು, ಚೀನೀಯರು ಕೂಡದು. 1898ರಲ್ಲಿ ಬೆಂಗಳೂರನ್ನು ನಡುಗಿಸಿದ್ದೂ ಇದೇ ಪಿಡುಗಿನ ಅಲೆ. ಪ್ಲೇಗ್ ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಹಿರೀಕರ ಮಾತು ನಮ್ಮ ಎಷ್ಟೋ ಮನೆಗಳಲ್ಲಿದೆ. ಚೈನಾಟೌನಿನವರಿಗೆ ಊರು ಬಿಡುವ ಅವಕಾಶವೂ ಇರಲಿಲ್ಲ. ಮುಂಬಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನು ಚುಚ್ಚಿಸಿಕೊಳ್ಳದ ಚೀನೀಯರು ಊರು ದಾಟುವಂತಿಲ್ಲ ಎಂಬ ಆಜ್ಞೆಯೂ ಹೊರಟಿತು. ಇವರು ಕೋರ್ಟಿಗೆ ಹೋದರು, ಗೆದ್ದರು. ಮೇ ಕೊನೆಯಲ್ಲಿ ಮತ್ತೆ ದಿಗ್ಬಂಧನ ಬಿದ್ದಾಗ ಜೂ ಹೋ ಎಂಬ ದಿನಸಿ ಅಂಗಡಿಯವನು ದಾವೆ ಹೂಡಿದ. ದಿಗ್ಬಂಧನದ ಗೆರೆ ಬಿಳಿಯರ ಕಟ್ಟಡಗಳನ್ನು ತಪ್ಪಿಸಿಕೊಂಡು ಸೊಟ್ಟಗೆ ಹರಿದಿತ್ತು! ಜೂನ್‌ನಲ್ಲಿ ನ್ಯಾಯಾಧೀಶ ವಿಲಿಯಂ ಮಾರೋ ಅದನ್ನು ತೆಗೆಸಿದರು. ಹಾಗೆಂದು ಪ್ಲೇಗ್ ಸುಳ್ಳಾಗಿರಲಿಲ್ಲ. ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂದು ರಾಜ್ಯದ ಗವರ್ನರ್ ಹೆನ್ರಿ ಗೇಜ್ ಅದನ್ನು ಅಲ್ಲಗಳೆಯುತ್ತಲೇ ಹೋದರು. 1904ರೊಳಗೆ ನೂರಕ್ಕೂ ಹೆಚ್ಚು ಮಂದಿ ಸತ್ತರು.

1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಚೈನಾಟೌನ್ ಜೊತೆ ತುಂಗ್ ವಾ ಕೂಡ ನೆಲಸಮವಾಯಿತು. ಅದನ್ನು ಮತ್ತೆ ಎಬ್ಬಿಸಿದರೂ ಜನಕ್ಕೆ ಸಾಲಲಿಲ್ಲ. 1923ರಲ್ಲಿ ಹೊಸ ಆಸ್ಪತ್ರೆಗಾಗಿ ಹದಿನೈದು ಚೀನೀ ಸಂಘಗಳು ಒಟ್ಟು ಸೇರಿದವು. ಊರಿನವರ, ಕುಲದವರ, ಕಸುಬಿನವರ ಸಂಘಗಳು; ತಮ್ಮತಮ್ಮಲ್ಲೇ ಜಗಳವಾಡುವುದಕ್ಕೂ ಹೆಸರಾದ ಗುಂಪುಗಳು ಅದರಲ್ಲಿದ್ದವು. 1925ರ ಏಪ್ರಿಲ್ 18ರಂದು, ಭೂಕಂಪದ ದಿನವೇ, ಹೊಸ ಆಸ್ಪತ್ರೆ ತೆರೆಯಿತು. ಅದೇ ಜಾಕ್ಸನ್ ಬೀದಿಯ ಚೈನೀಸ್ ಹಾಸ್ಪಿಟಲ್.

ಅಲ್ಲಿ ದುಡಿದವರಲ್ಲಿ ಮಾರ್ಗರೆಟ್ ಚಂಗ್ ಬಗ್ಗೆಯೇ ಬೇರೊಂದು ಲೇಖನ ಬರೆಯಬಹುದು. ಅಮೆರಿಕದಲ್ಲಿ ಹುಟ್ಟಿದ ಚೀನೀ ಹೆಣ್ಣುಮಕ್ಕಳಲ್ಲಿ ಡಾಕ್ಟರಾದ ಮೊದಲಿಗರು ಆಕೆಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ನೂರಾರು ಅಮೆರಿಕನ್ ವಿಮಾನ ಚಾಲಕರಿಗೆ, ನಾವಿಕರಿಗೆ ಊಟ ಹಾಕಿ ‘ಮಾಮ್ ಚಂಗ್’ ಎನಿಸಿಕೊಂಡವರು. ಯಾವ ದೇಶ ಆಕೆಯ ಜನರಿಗೆ ಬರಬೇಡಿ ಎನ್ನುತ್ತಿತ್ತೋ ಅದೇ ದೇಶದ ಸೈನಿಕರಿಗೆ ತಾಯಿ!

ಆಸ್ಪತ್ರೆಯ ಹೆರಿಗೆ ಕೋಣೆಗೆ ಇನ್ನೊಂದು ತೂಕವೂ ಇತ್ತು. ಅಮೆರಿಕದ ನೆಲದಲ್ಲಿ ಹುಟ್ಟಿದ ಚೀನೀ ಮಗು ಅಲ್ಲಿನ ಪ್ರಜೆಯೇ ಎಂದು ಸುಪ್ರೀಂ ಕೋರ್ಟ್ 1898ರಲ್ಲಿ ತೀರ್ಪಿತ್ತಿತ್ತು. ಆ ಮೊಕದ್ದಮೆಯ ವಾಂಗ್ ಕಿಮ್ ಆರ್ಕ್ ಕೂಡ ಇದೇ ಊರಿನಲ್ಲಿ ಹುಟ್ಟಿದವನು. ವಲಸೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಇಲ್ಲಿ ಹುಟ್ಟಿದ ದಾಖಲೆಯೆಂದರೆ ಆಸ್ತಿ. 1959ರಲ್ಲಿ ತರುಣ ಬ್ರೂಸ್ ಲೀ ಅಮೆರಿಕಕ್ಕೆ ಮರಳಿದ್ದು ಆ ಹಕ್ಕಿನಿಂದಲೇ.

1979ರಲ್ಲಿ ಆಸ್ಪತ್ರೆಯ ಪಕ್ಕದಲ್ಲೇ ಹೊಸ ಕಟ್ಟಡ ಬಂತು. ಆಸ್ಪತ್ರೆಗಳು ಭೂಕಂಪ ತಾಳಲೇಬೇಕೆಂಬ ಕ್ಯಾಲಿಫೋರ್ನಿಯಾದ ನಿಯಮದ ಒತ್ತಡಕ್ಕೆ 1925ರ ಕಟ್ಟಡವನ್ನು ಕೆಡವಬೇಕಾಯಿತು. ಪರಂಪರೆ ಉಳಿಸಬೇಕೆನ್ನುವವರು ತಕರಾರು ತೆಗೆದರು. ನನಗೂ ಸಂಕಟವೇ, ಆದರೆ ರೋಗಿ ಮಲಗಿರುವ ಕಟ್ಟಡದ ವಿಷಯದಲ್ಲಿ ನೆನಪಿಗಿಂತ ಪಾಯ ಮುಖ್ಯ. ಆ ಜಾಗದಲ್ಲೆದ್ದ ಹೊಸ ಕಟ್ಟಡ 2016ರಿಂದ ಕೆಲಸ ಮಾಡುತ್ತಿದೆ. ದೊಡ್ಡದೇನಲ್ಲ, ಚಿಕ್ಕ ಆಸ್ಪತ್ರೆ. ಈಗ ಊರಿನ ಯಾವ ಆಸ್ಪತ್ರೆಯೂ ಚೀನೀಯರನ್ನು ಹೊರಗಿಡುವಂತಿಲ್ಲ. ಆದರೂ ಚೈನಾಟೌನಿನ ಮುದುಕ ಮುದುಕಿಯರು ಇಲ್ಲಿಗೇ ಬರುತ್ತಾರೆ: ಡಾಕ್ಟರು, ನರ್ಸು ಕ್ಯಾಂಟನೀಸ್‌ನಲ್ಲೇ ಮಾತನಾಡಿಸುತ್ತಾರೆ, ಊಟಕ್ಕೆ ಅಕ್ಕಿ ಗಂಜಿ ಸಿಗುತ್ತದೆ, ಮನೆಯಿಂದ ನಡೆದೇ ಬರಬಹುದು.