ಹಗಲು ಗಣಿ, ರಾತ್ರಿ ಶಾಲೆ

ಅಕ್ಕತಂಗಿಯರೇ, ದೊಡ್ಡಬಳ್ಳಾಪುರದಲ್ಲಿ ನಾವೆಲ್ಲ ರೈಲು ನೋಡಿದ್ದೇವೆ. ಹಿಂದೆ ರೈಲು ಉಗಿಯಿಂದ ಓಡುತ್ತಿತ್ತು. ಆ ಉಗಿಬಂಡಿಯನ್ನು ಸುಧಾರಿಸಿದವನು ಜಾರ್ಜ್ ಸ್ಟೀಫನ್‌ಸನ್.

ಜಾರ್ಜ್ 1781ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ. ಅಪ್ಪ ಕಲ್ಲಿದ್ದಲು ಗಣಿಯ ಕೆಲಸಗಾರ. ಅಪ್ಪ, ಅಮ್ಮ ಇಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ಜಾರ್ಜ್ ಚಿಕ್ಕಂದಿನಲ್ಲಿ ದನ ಕಾದ. ಆಮೇಲೆ ಗಣಿಯ ಯಂತ್ರ ನೋಡಿಕೊಂಡ. 18ನೇ ವಯಸ್ಸಿನಲ್ಲಿ ರಾತ್ರಿ ಶಾಲೆ ಸೇರಿದ. ಹಗಲು ದುಡಿಮೆ, ರಾತ್ರಿ ಓದು.

ಅನ್ನ ಕುದಿಯುವಾಗ ಮುಚ್ಚಳ ಕುಣಿಯುತ್ತದಲ್ಲವೆ? ಅದು ಉಗಿಯ ಬಲ. ಮುಚ್ಚಿದ ಹಂಡೆಯಲ್ಲಿ ನೀರು ಕಾಯಿಸಿ, ಆ ಬಲದಿಂದ ಚಕ್ರ ತಿರುಗಿಸೋದೇ ಉಗಿಬಂಡಿ. 1814ರಲ್ಲಿ ಜಾರ್ಜ್ ತನ್ನ ಮೊದಲ ಬಂಡಿ ಮಾಡಿದ.

1829ರಲ್ಲಿ ಜಾರ್ಜ್ ಮತ್ತು ಮಗ ರಾಬರ್ಟ್ ‘ರಾಕೆಟ್’ ಎಂಬ ಬಂಡಿ ತಂದರು. ಅದರ ಹಂಡೆಯ ನೀರಿನೊಳಗೆ 25 ತಾಮ್ರದ ಕೊಳವೆಗಳಿದ್ದವು. ಬೆಂಕಿಯ ಬಿಸಿ ಅವುಗಳಲ್ಲಿ ಹಾದುಹೋಗುತ್ತಿತ್ತು. ನೀರು ಬೇಗ ಕಾಯುತ್ತಿತ್ತು. ರಾಕೆಟ್ ಗಂಟೆಗೆ ಸುಮಾರು 45 ಕಿಲೋಮೀಟರ್ ಓಡಿ ಪಂದ್ಯ ಗೆದ್ದಿತು.

1864ರಲ್ಲಿ ಬೆಂಗಳೂರಿಗೂ ಉಗಿಬಂಡಿ ಬಂತು.

‘ವಯಸ್ಸಾಯ್ತು, ಇನ್ನೆಂಥ ಓದು’ ಅಂತ ನಾವು ಅನ್ನುತ್ತೇವೆ. ಜಾರ್ಜ್ ಹಾಗೆ ಅನ್ನಲಿಲ್ಲ. ಇನ್ನೊಮ್ಮೆ ರೈಲಿಗೆ ಹೋದಾಗ ಊರಿನ ಹೆಸರಿನ ಹಲಗೆಯನ್ನು ನಾವೇ ಓದೋಣ.