ನಿಮಗಿದು ಗೊತ್ತೆ? ಆಕ್ಸಿಮೀಟರ್‌ಗೂ ಚರ್ಮದ ಬಣ್ಣ ಅಡ್ಡಿ!

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್, ಕಪ್ಪು ಚರ್ಮದವರ ರಕ್ತದಲ್ಲಿನ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಬೆರಳಿನೊಳಗೆ ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ ಅದು ಲೆಕ್ಕ ಹಾಕುತ್ತದೆ. ಚರ್ಮದ ಮೆಲನಿನ್ ಆ ಲೆಕ್ಕ ತಪ್ಪಿಸುತ್ತದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ಅಪಧಮನಿಯ ರಕ್ತ ಪರೀಕ್ಷೆಯಲ್ಲಿ ಪ್ರಮಾಣ 88ಕ್ಕಿಂತ ಕೆಳಗಿದ್ದ ಪ್ರಕರಣಗಳು ಬಿಳಿಯರಲ್ಲಿ ಶೇ 3.6, ಕಪ್ಪುವರ್ಣೀಯರಲ್ಲಿ ಶೇ 11.7! ಆಸ್ಪತ್ರೆಗೆ ಸೇರಿಸಬೇಕೆ, ಮನೆಗೆ ಕಳಿಸಬೇಕೆ ಎಂಬ ತೀರ್ಮಾನಕ್ಕೆ ಈ ಯಂತ್ರದ ಅಂಕಿಯನ್ನೇ ನೆಚ್ಚಿಕೊಂಡಿದ್ದ ದಿನಗಳವು.

ಹಾಗಂತ ಇದು ಹೊಸ ಸಂಗತಿಯೇನಲ್ಲ. 1990ರಲ್ಲೇ ವೈದ್ಯರು ಬರೆದಿದ್ದರು, ಕಿವಿಗೆ ಹಾಕಿಕೊಂಡವರು ಕಡಿಮೆ. ಬ್ರಿಟನ್ ಸರ್ಕಾರ ನೇಮಿಸಿದ ಸ್ವತಂತ್ರ ಸಮಿತಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟು, ಈ ತಾರತಮ್ಯ ನಿಜವೆಂದು ಒಪ್ಪಿತು.